ಬೀಜದೊಳಗಿನ ನೀರುಗಂಟಿ

ಜವರಯ್ಯನ ಹೋರಿ ಬೀದಿಗಿಳಿದರೆ ಊರಿನ ನಾಯಿಗಳು ಬೊಗಳುವುದನ್ನು ನಾಳೆಗೆ ಇಟ್ಟುಕೊಂಡು ಚರಂಡಿ ದಾಟಿ ಹೋಗುತ್ತಿದ್ದವು. ಹೋರಿಯ ಹೆಸರು ರಾಜ. ಮುಖ, ಕತ್ತು, ಹೆಗಲ ಮೇಲೆ ಉಬ್ಬಿದ ಹಿಣಿಲು ಎಲ್ಲ ಮಳೆ ಕಟ್ಟಿದ ಮೋಡದ ಕಪ್ಪು. ಬೆನ್ನು, ಪಕ್ಕೆ ಬೂದಿ ಬಣ್ಣ. ಕೊಂಬೆರಡೂ ಹಿಂದಕ್ಕೆ ಬಾಗಿ, ಏನೋ ಮರೆತವನ ಹಾಗೆ ತುದಿಯಲ್ಲಿ ಮತ್ತೆ ಮುಂದಕ್ಕೆ ತಿರುಗಿದ್ದವು. ಅಚ್ಚ ಹಳ್ಳಿಕಾರ್ ತಳಿ. ಪಾಂಡವಪುರದ ಸುತ್ತ ಅಂಥ ಹೋರಿ ಇನ್ನೊಂದಿಲ್ಲ ಎಂದು ಜವರಯ್ಯನೇ ಹೇಳುತ್ತಿದ್ದ. ಬೇರೆ ಯಾರಾದರೂ ಹೇಳುವವರೆಗೆ ಕಾಯುವ ತಾಳ್ಮೆ ಅವನಿಗೆ ಯಾವ ವಿಷಯದಲ್ಲೂ ಇರಲಿಲ್ಲ.

ರಾಜನಿಗೆ ಬೆಳಿಗ್ಗೆ ಬೇಯಿಸಿದ ಹುರುಳಿ, ಅದರ ಮೇಲೆ ಹಸಿ ಮೊಟ್ಟೆ. ಮಧ್ಯಾಹ್ನ ಹಿಂಡಿ, ಸಂಜೆ ಉಂಡೆ ಬೆಲ್ಲ. ಆ ಹುರುಳಿ ಬೇಯಿಸಿ ಬಸಿದ ಕಟ್ಟಿನಲ್ಲಿ ಮನೆಯವರಿಗೆ ಸಾರು. ಜವರಯ್ಯನ ಹೆಂಡತಿ ಜಯಲಕ್ಷ್ಮಮ್ಮ ಮುದ್ದೆ ಇಕ್ಕುವಾಗ ದಿನಾ ಒಂದು ಮಾತು ಹೇಳುತ್ತಿದ್ದಳು.

“ಮುಂದ್ಲ ಜನ್ಮ ಅಂತಿದ್ರೆ ಇದೇ ಮನೇಲಿ ಓರಿಯಾಗಿ ಉಟ್ತೀನಿ. ಎಂಡ್ತಿಯಾಗಿ ಬಂದು ಕಂಡಿದ್ದು ಸಾಕು.”

“ಓರಿಯಾಗಿ ಉಟ್ಟು ಏನ್ ಮಾಡೀಯೆ?” ಎಂದು ಜವರಯ್ಯ ಕೇಳುತ್ತಿದ್ದ.

“ಮೊದ್ಲು ನಿಮ್ಮನ್ನ ಗುಮ್ತೀನಿ. ಆಮೇಕೆ ಮೊಟ್ಟೆ ತಿಂತೀನಿ.”

ಈ ಹೋರಿಯ ಹಿಂದೆ ಒಂದು ದೊಡ್ಡ ಆಸೆ ಇತ್ತು. ಜವರಯ್ಯನ ಅಪ್ಪ ದ್ಯಾವಯ್ಯ ಬದುಕಿದ್ದಷ್ಟು ಕಾಲ ಪ್ರತಿ ವರ್ಷ ಹೇಮಗಿರಿಯ ದನಗಳ ಜಾತ್ರೆಗೆ ಒಂದು ಜೋಡಿ ಎತ್ತು ಹೊಡೆದುಕೊಂಡು ಹೋಗುತ್ತಿದ್ದ. ಪ್ರತಿ ವರ್ಷವೂ ಜನ ಸುತ್ತುಗಟ್ಟಿ ನಿಂತು ಬಾಯಿ ಬಿಡುತ್ತಿದ್ದದ್ದು ಬೇರೆ ಯಾರದೋ ಜೋಡಿಯ ಮುಂದೆ. ಒಂದು ಸಲ ಬಣ್ಣ ಸರಿಬಂದರೆ ಕೊಂಬು ಸರಿಬರುತ್ತಿರಲಿಲ್ಲ, ಕೊಂಬು ಸರಿಬಂದ ವರ್ಷ ಒಂದೆತ್ತು ಕುಂಟುತ್ತಿತ್ತು. ಮುದುಕ ಸಾಯುವಾಗ ಇಬ್ಬರು ಗಂಡುಮಕ್ಕಳೂ ತಲೆದೆಸೆಯಲ್ಲಿ ಕೂತು ಕೊನೆಯ ಮಾತಿಗೆ ಕಾದರು. “ದನ ಕಟ್ಟುದ್ರಾ?” ಎಂದು ಕೇಳಿ ಕಣ್ಣು ಮುಚ್ಚಿದ.

ಅವನು ಬಿಟ್ಟುಹೋದ ಹಸುವಿನ ಮೊಮ್ಮಗಳು ಗಂಗೆ ಒಂದು ಬೆಳಿಗ್ಗೆ ಎರಡು ಹೋರಿಗರು ಹಾಕಿದಳು. ಅವಳಿ! ಒಂದನ್ನು ಒರೆಸಿ ನಿಲ್ಲಿಸುವಷ್ಟರಲ್ಲಿ ಅದೇ ಮುಖದ ಇನ್ನೊಂದು ಬಂತು. ಜವರಯ್ಯ ಕೊಟ್ಟಿಗೆಯಲ್ಲೇ ಕುಣಿದ. ದೇವರು ಹುಟ್ಟಿಸುವಾಗಲೇ ಜೋಡಿ ಮಾಡಿ ಕಳಿಸಿದ್ದಾನೆ, ಇನ್ನು ಹೇಮಗಿರಿಯಲ್ಲಿ ಯಾವನು ಎದುರು ನಿಲ್ಲುತ್ತಾನೋ ನೋಡೇಬಿಡೋಣ ಎಂದು ತಮ್ಮ ಸಿದ್ದರಾಜುವಿಗೆ ಫೋನು ಹಚ್ಚಿ ಕೂಗಿದ. ಅವನು ಕೂಗಿದ ರಭಸಕ್ಕೆ ಫೋನಿನ ಅಗತ್ಯವೇ ಇರಲಿಲ್ಲ.

ಸಿದ್ದರಾಜು ಇದ್ದದ್ದು ನಾಗಮಂಗಲದ ಕಡೆ, ಹೊಣಕೆರೆ ಹತ್ತಿರದ ಹೆಂಡತಿಯ ಊರಿನಲ್ಲಿ. ಮಾವನಿಗೆ ಗಂಡುಮಕ್ಕಳಿರಲಿಲ್ಲ, ಜಮೀನು ನೋಡಿಕೊಳ್ಳಲು ಹೋದವನು ಅಲ್ಲೇ ನಿಂತ. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಅಣ್ಣನ ಸಿಟ್ಟಿನಲ್ಲಿ ಕಾಸಿನಷ್ಟೂ ಅವನಿಗೆ ಬಂದಿರಲಿಲ್ಲ. ಬಯ್ದರೆ ನಗುತ್ತಿದ್ದ, ಇನ್ನೂ ಬಯ್ದರೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

ಗಂಗೆಯ ಹಾಲು ಎರಡು ಕರುವಿಗೆ ಸಾಲದು. ಹಾಲು ಬಿಟ್ಟ ಮೇಲೆ ಒಬ್ಬೊಬ್ಬರು ಒಂದೊಂದನ್ನು ಸಾಕುವುದು, ನಾಲ್ಕು ಹಲ್ಲು ಹಾಕಿದ ವರ್ಷ ಜೋಡಿ ಕಟ್ಟಿ ಹೇಮಗಿರಿಗೆ ಹೊಡೆಯುವುದು ಎಂದು ಅಣ್ಣತಮ್ಮ ಒಪ್ಪಿಕೊಂಡರು. ಯಾವುದು ಯಾರಿಗೆ ಎನ್ನುವುದಕ್ಕೆ ಜವರಯ್ಯ ಸುಳಿ ನೋಡಿದ. ದನದ ಮೈಮೇಲೆ ಕೂದಲು ಸುತ್ತಿಕೊಳ್ಳುವ ಸುಳಿ ಎಲ್ಲಿದೆಯೋ ಅದರ ಮೇಲೆ ಸಾಕಿದವನ ಹಣೆಬರಹ ಎಂದು ಅಪ್ಪ ಹೇಳಿಕೊಟ್ಟಿದ್ದ. ಆ ವಿದ್ಯೆ ಅಪ್ಪನಿಗೆ ಎಷ್ಟು ಹಣೆಬರಹ ತಂದುಕೊಟ್ಟಿತ್ತೆಂದು ಯಾರೂ ಕೇಳಿರಲಿಲ್ಲ. ಒಂದು ಕರುವಿಗೆ ಹಣೆಯ ನಟ್ಟನಡುವೆ ಸುಳಿ, ಸಾಕಿದವನು ರಾಜನಾಗುತ್ತಾನೆ. ಇನ್ನೊಂದಕ್ಕೆ ಹಿಣಿಲಿನ ಹಿಂದೆ, ಬೆನ್ನಿನ ಎಡಕ್ಕೆ ಸುಳಿ.

“ಇದು ಇದ್ದ ಮನೇಲಿ ಅಣ್ಣತಮ್ಮ ದೂರ ಆಯ್ತಾರೆ,” ಎಂದು ಗಂಭೀರವಾಗಿ ಹೇಳಿ, ಆ ಕರುವಿನ ಹಗ್ಗ ತಮ್ಮನ ಕೈಗೆ ಕೊಟ್ಟ.

ಸಿದ್ದರಾಜು ನಕ್ಕ. “ನಾನಾಗ್ಲೇ ದೂರ್ದಲ್ಲೇ ಇವ್ನಿ ಬುಡಣ್ಣ,” ಎಂದು ಕರುವನ್ನು ಗೂಡ್ಸ್ ಆಟೋದಲ್ಲಿ ಹತ್ತಿಸಿಕೊಂಡು ಹೋದ. ಅದಕ್ಕೆ ಸುಳಿಗ ಎಂದೇ ಹೆಸರಿಟ್ಟ.

ಸುಳಿಗನಿಗೆ ಒಂದು ವರ್ಷವಾದಾಗ ಸಿದ್ದರಾಜು ಫೋನು ಮಾಡಿ, ಉಳುಮೆಗೆ ಪಳಗಿಸಬೇಕು, ಬೀಜ ಹೊಡೆಸುತ್ತೇನೆ ಎಂದ. ಜವರಯ್ಯ, “ಒಡುಸ್ಕೋ, ನನ್ನೇನ್ ಕೇಳೀಯೆ,” ಎಂದ. ತನ್ನ ರಾಜನಿಗೆ ಮಾತ್ರ ಹೊಡೆಸಲಿಲ್ಲ. ಸುತ್ತಲಿನ ಊರುಗಳಿಂದ ಹಸು ಹಿಡಿದುಕೊಂಡು ಬರುವವರು ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದರು, ಆ ಮರ್ಯಾದೆ ಅವನಿಗೆ ಬೇಕಿತ್ತು. ಒಂದು ಎತ್ತು, ಒಂದು ಹೋರಿ ಜೋಡಿಯಾಗುತ್ತದೆಯೇ ಎಂದು ಹೆಂಡತಿ ಕೇಳಿದ್ದಕ್ಕೆ ಅವನ ಉತ್ತರ ಸಿದ್ಧವಾಗಿತ್ತು: “ಜೋಡಿ ಅಂದ್ರೆ ಬಣ್ಣ, ಕೊಂಬು, ಎತ್ರ. ಕೆಳಗೆ ಯಾವನು ಬಗ್ಗಿ ನೋಡ್ತಾನೆ?”

ನಾಲ್ಕು ಹಲ್ಲು ಬಂದ ವರ್ಷ ಶ್ರಾವಣ ಕಳೆದ ಮೇಲೆ ಜವರಯ್ಯ, ಕರು ಕೊಟ್ಟು ಕಳಿಸಿದ ಮೇಲೆ ಮೊದಲ ಸಲ, ಹೊಣಕೆರೆ ಕಡೆ ಹೊರಟ. ಅಲ್ಲಿಯವರೆಗೆ ಸಿದ್ದರಾಜು ಬಂದಾಗಲೆಲ್ಲ ಮಾತಾಡಿದ್ದು ಜವರಯ್ಯನೇ, ಅದೂ ರಾಜನ ಬಗ್ಗೆಯೇ. ಜೊತೆಗೆ ದನದ ದಳ್ಳಾಳಿ ಹೊನ್ನಪ್ಪನನ್ನು ಕರೆದುಕೊಂಡ. ಟವೆಲ್ಲಿನ ಅಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು ಹೊನ್ನಪ್ಪನ ಕೆಲಸ. ಜೋಡಿಯನ್ನು ಮೊದಲು ಅವನು ನೋಡಿದರೆ ಹೇಮಗಿರಿಯವರೆಗೆ ಸುದ್ದಿ ತಾನೇ ನಡೆದುಕೊಂಡು ಹೋಗುತ್ತದೆ ಎಂಬುದು ಜವರಯ್ಯನ ಲೆಕ್ಕ.

ಸಿದ್ದರಾಜು ಎತ್ತನ್ನು ಕೊಟ್ಟಿಗೆಯಿಂದ ಹೊರಗೆ ತಂದು ನಿಲ್ಲಿಸಿದ.

ಎತ್ತು ಬೆಳ್ಳಗಿತ್ತು. ತುಂಬೆ ಹೂವಿನಷ್ಟಲ್ಲ, ಒಗೆದು ಒಗೆದು ಬಿಳುಚಿದ ಪಂಚೆಯಷ್ಟು. ಮುಖ ಬೆಳ್ಳಗೆ, ಕತ್ತು ಬೆಳ್ಳಗೆ. ಹಿಣಿಲು ಇದ್ದೂ ಇಲ್ಲದ ಹಾಗೆ. ಉದ್ದ ಕಾಲು, ಸಣ್ಣ ಕುತ್ತಿಗೆ. ಬಂದವರನ್ನು ನೋಡಿ ಮುಖ ತಗ್ಗಿಸಿ ಮೆಲುಕು ಹಾಕುತ್ತಾ ನಿಂತಿತು, ಥೇಟ್ ಸಿದ್ದರಾಜುವಿನ ಹಾಗೆ.

ಜವರಯ್ಯ ಮಾತಾಡಲಿಲ್ಲ. ಅವನು ಮಾತಾಡದೆ ಇದ್ದರೆ ಹತ್ತಿರದವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಹೊನ್ನಪ್ಪ ಎತ್ತನ್ನು ಒಂದು ಸುತ್ತು ಹಾಕಿ ಬಂದು, ಎಲೆಅಡಿಕೆ ಉಗಿದು, ಜವರಯ್ಯನ ಕಿವಿಯಲ್ಲಿ ಅಂದ: “ಇದು ಗಂಗೆ ಕರ ಅಲ್ಲ ಕಣೋ. ಅದ್ಲು ಬದ್ಲು ಆಗೋಗದೆ.”

ಅಷ್ಟು ಸಾಕಾಯಿತು.

“ಏನ್ಲಾ ಸಿದ್ದ, ಎಲ್ಲಿ ಮಾರ್‌ದೆ ನಮ್ ಕರವ?”

“ಇದೇ ಕಣಣ್ಣ ನಮ್ ಕರ.”

“ಇದಾ? ಈ ಆಡಾ? ಗಂಗೆ ಒಟ್ಟೇಲಿ ಉಟ್ಟಿದ್ದ ಕರ ಇಂಗಿದ್ದಾತಾ? ನನ್ ಮನೇಲಿ ಅದರ ಒಡುಟ್ಟಿದ್ದು ಮೋಡ ನಿಂತಂಗೆ ನಿಂತದೆ, ಬಂದ್ ನೋಡ್ಲಾ! ಅಪ್ಪನ ಅಸೀನ ವಂಶವ ಮಾರ್ಕಂಡು ತಿಂದು, ಯಾವುದೋ ಸಂತೆ ಗುಜರಿ ತಂದು ಕಟ್ಟಿದ್ದೀಯಲ್ಲಾ, ಕಳ್ ನನ್ಮಗನೆ!”

ಸಿದ್ದರಾಜುವಿನ ಮಾವ ಜಗಲಿಯ ಮೇಲೆ ಕೂತಿದ್ದ. ಹೆಂಡತಿ ಬಾಗಿಲಲ್ಲಿದ್ದಳು. ಪಕ್ಕದ ಮನೆಯವರು ಗೋಡೆಯ ಮೇಲೆ ಕತ್ತು ಇಟ್ಟಿದ್ದರು. ಸಿದ್ದರಾಜು ಎತ್ತಿನ ಬೆನ್ನಿನ ಕೂದಲು ಬಿಡಿಸಿ ತೋರಿಸಿದ.

“ಸುಳಿ ನೋಡಣ್ಣ. ನೀನೇ ಆರಿಸಿ ಕೊಟ್ಟಿದ್ದು. ಎಡಕ್ಕೇ ಅದೆ.”

“ಬೆನ್ ಮ್ಯಾಲೆ ಸುಳಿ ಇರೋವು ಕೇರ್‌ಪೇಟೆ ಸಂತೇಲಿ ರಾಶಿ ಸಿಕ್ತವೆ!”

ಸಿದ್ದರಾಜು ನಗಲಿಲ್ಲ. ಅಣ್ಣನ ಬೈಗುಳ ಅವನಿಗೆ ಹೊಸದಲ್ಲ, ಮಾವನ ಎದುರು ಕಳ್ಳ ಎನಿಸಿಕೊಂಡದ್ದು ಹೊಸದು. ಎಲೆಅಡಿಕೆಯ ಚೀಲಕ್ಕೂ ಕೈ ಹಾಕಲಿಲ್ಲ.

“ನೋಡಣ್ಣ. ಬೀಜ ಒಡ್ಸುದ್ ಮ್ಯಾಲೆ ಇದು ಬೆಳ್ಳಗಾಯ್ತು. ನಿನ್ ಓರೀಗೂ ಒಡ್ಸು. ಅದೂ ಬೆಳ್ಳಗಾಗ್ನಿಲ್ಲ ಅಂದ್ರೆ, ನಾನು ಕಳ್ಳ ಅಂತ ನಿಮ್ಮೂರ ಅರಳೀಕಟ್ಟೆ ಮುಂದೆ ನಿಂತು ಯೋಳ್ತೀನಿ. ಬೆಳ್ಳಗಾದ್ರೆ, ನೀನೇ ಅದ್ನ ಇಡ್ಕಂಡ್ ಬಂದು ಈ ಗೂಟಕ್ಕೆ ಕಟ್ಬೇಕು. ಅಲ್ಲೀಗಂಟ ನೀನು ಈ ಬಾಗ್ಲಿಗೆ ಬರ್‌ಬ್ಯಾಡ. ನಾನೂ ಬರಾಕಿಲ್ಲ.”

“ನಿನ್ ಕಳ್ತನಕ್ಕೆ ನನ್ ಓರಿ ಬೀಜ ಒಡುಸ್ಬೇಕಾ?” ಎಂದು ಜವರಯ್ಯ ಕೂಗಿ, ಕೊಟ್ಟ ಕಾಫಿ ಕುಡಿಯದೆ ಎದ್ದು ಬಂದ. ಹೊನ್ನಪ್ಪ ಇಬ್ಬರದೂ ಕುಡಿದು ಬಂದ.

ಕಾಲುಬಾಯಿ ಜ್ವರದ ಸೂಜಿ ಹಾಕಲು ಪಶು ಡಾಕ್ಟರು ಕೀರ್ತನ ಊರಿಗೆ ಬಂದಾಗ ಜವರಯ್ಯ ಅವಳನ್ನು ನಡುಬೀದಿಯಲ್ಲೇ ತಡೆದ. ಅವನಿಗೆ ಬೇಕಿದ್ದದ್ದು ಸಲಹೆಯಲ್ಲ, ಸಾಕ್ಷಿ.

“ಡಾಕ್ಟ್ರಮ್ಮ, ಒಂದೇ ಅಸೀನ ಅವಳಿ ಕರ. ಒಂದು ಕಪ್ಪು, ಒಂದು ಬಿಳಿ. ಆಯ್ತದಾ? ಆಗಾಕಿಲ್ಲ ಅನ್ನಿ.”

“ಬಿಳಿದಕ್ಕೆ ಬೀಜ ಹೊಡೆಸಿದ್ದಾರಾ?” ಎಂದಳು ಕೀರ್ತನ. ಕೇಳಿದ ಮೊದಲ ಪ್ರಶ್ನೆಯೇ ಜವರಯ್ಯನಿಗೆ ಹಿಡಿಸಲಿಲ್ಲ.

“ನನ್ ತಮ್ಮ ಚಿಕ್ಕುದ್ರಲ್ಲೇ ಒಡ್ಸವ್ನೆ. ಅದ್ಕೂ ಬಣ್ಣಕ್ಕೂ ಏನ್ ಸಂಬಂಧ? ಬಣ್ಣ ಇರಾದು ಮೈ ಮ್ಯಾಲೆ, ಅದಿರಾದು ಬ್ಯಾರೆ ಕಡೆ.”

ಕೀರ್ತನ ಸೂಜಿಯನ್ನು ಐಸ್ ಡಬ್ಬಿಯಲ್ಲಿಟ್ಟಳು. “ಯಜಮಾನ್ರೇ, ನಿಮ್ಮೂರಿಗೆ ಬರೋದು ಒಂದೇ ನಾಲೆ ನೀರು. ನಿಮ್ಮ ಗದ್ದೆ ತೂಬು ತೆಗೆದಿದೆ, ಪಕ್ಕದವರದು ಮುಚ್ಚಿದೆ. ನಿಮ್ಮದರಲ್ಲಿ ಭತ್ತ ನಿಂತಿದೆ, ಅವರದು ಒಣಗಿ ಬಿರುಕು ಬಿಟ್ಟಿದೆ. ನಾಲೆ ಬೇರೆ ಅಂತೀರಾ?”

“ಅನ್ನಾಕಿಲ್ಲ. ನೀರ್‌ಗಂಟಿ ಬಡ್ಡೀಮಗ ಅಂತೀನಿ.”

“ಹಾಗೇ ಅನ್ನಿ. ಈ ತಳಿಯ ಮೈಯೊಳಗೆ ಕಪ್ಪು ಬಣ್ಣಕ್ಕೆ ಒಂದು ತೂಬಿದೆ. ಅಪ್ಪ ಅವ್ವನಿಂದ ಬಂದದ್ದು, ಎರಡು ಕರುವಿನಲ್ಲೂ ಇದೆ. ಅದನ್ನು ತೆಗೆಯೋ ನೀರುಗಂಟಿ ಬೀಜದೊಳಗೆ ಕೂತಿರ್ತಾನೆ. ಬೀಜದಿಂದ ಒಂದು ರಸ ರಕ್ತಕ್ಕೆ ಇಳಿದು, ಕತ್ತು, ಹಿಣಿಲು ಇರೋ ಕಡೆ ತೂಬು ತೆಗಿ ಅನ್ನುತ್ತೆ. ಅಲ್ಲಿ ಕೂದಲು ಕಪ್ಪಾಗುತ್ತೆ, ಹಿಣಿಲು ಬೆಳೆಯುತ್ತೆ, ಸಿಟ್ಟೂ ಬರುತ್ತೆ. ನಿಮ್ಮ ತಮ್ಮನ ಕರುವಿಗೆ ಚಿಕ್ಕದರಲ್ಲೇ ಬೀಜ ಹೊಡೆಸಿದ್ರು. ನೀರುಗಂಟಿ ಕೆಲಸ ಬಿಟ್ಟ. ತೂಬು ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಮುಚ್ಕೊಂಡಿದೆ.”

ಬೀದಿಯಲ್ಲಿ ದನ ಹಿಡಿದುಕೊಂಡು ನಿಂತಿದ್ದವರೆಲ್ಲ ಹತ್ತಿರ ಬಂದರು. ಊರಿನ ತೂಬುಗಳನ್ನು ತೆಗೆದು ಮುಚ್ಚುವ ನೀರುಗಂಟಿ ಚಿಕ್ಕಸ್ವಾಮಿಯೂ ಅಲ್ಲೇ ಇದ್ದ. ಅವನ ಕಡೆ ನೋಡಿ ಯಾರೋ ಕಿಸಕ್ಕೆಂದರು.

“ನೀರ್‌ಗಂಟೀನ ತಕ್ಕಂಡೋಗಿ ಬೀಜದಲ್ಲಿ ಮಡಗ್ತಾರೇನ್ರವ್ವಾ?” ಎಂದು ಜವರಯ್ಯ ರೇಗಿದ. “ಆಯ್ತು, ಸುಳಿ? ಅವಳಿಗಳ್ಗೆ ಸುಳಿ ಯಾಕೆ ಬ್ಯಾರೆ ಬ್ಯಾರೆ?”

“ಹೊಟ್ಟೆಯೊಳಗೆ ಚರ್ಮ ಬೆಳೆಯುವಾಗ ಕೂದಲು ಯಾವ ಕಡೆ ಒರಗಿತೋ ಆ ಕಡೆ ಸುಳಿ. ಒಂದೇ ಮೊಟ್ಟೆ ಒಡೆದು ಎರಡಾದ ಕರುಗಳಿಗೂ ಒಂದೇ ಜಾಗದಲ್ಲಿರಲ್ಲ. ನಿಮ್ಮ ತಲೆಯ ಸುಳಿ, ನಿಮ್ಮ ತಮ್ಮನ ತಲೆಯ ಸುಳಿ ಒಂದೇ ಥರ ಇದೆಯಾ?”

“ಅವರ ತಲೇಲಿ ಕೂದ್ಲೇ ಇಲ್ವಲ್ಲ ಮೇಡಂ, ಸುಳಿ ಎಲ್ಲಿ ಉಡುಕಾದು,” ಎಂದ ಚಿಕ್ಕಸ್ವಾಮಿ. ನೀರುಗಂಟಿಗೆ ಬಿದ್ದ ಬೈಗುಳದ ಬಾಕಿ ತೀರಿತು.

“ಅನುಮಾನ ಇದ್ರೆ ಎರಡರ ಕೂದಲನ್ನೂ ಬೇರು ಸಮೇತ ಕಿತ್ತು ಕೊಡಿ,” ಎಂದಳು ಕೀರ್ತನ. “ಪರೀಕ್ಷೆಗೆ ಕಳಿಸ್ತೀನಿ. ಒಂದೇ ತಾಯಿದು ಹೌದೋ ಅಲ್ಲವೋ ತಿಳಿಯುತ್ತೆ.”

“ನನ್ ತಮ್ಮ ಕಳ್ಳ ಅಂತ ನಂಗೇ ಗೊತ್ತು. ಅದ್ಕೆ ಬೆಂಗ್ಳೂರಿನೋರು ಸರ್ಟಿಫಿಕೇಟ್ ಕೊಡ್ಬೇಕಾ?” ಎಂದು ಜವರಯ್ಯ ಹೊರಟುಹೋದ. ರಾಜನಿಗೆ ಸೂಜಿ ಹಾಕಿಸುವುದನ್ನೂ ಮರೆತ. ಜಯಲಕ್ಷ್ಮಮ್ಮ ಹಿಂದಿನಿಂದ ಕರೆದು ಹಾಕಿಸಿದಳು.

ಆ ವರ್ಷ ಹೇಮಗಿರಿಗೆ ಯಾರೂ ಹೋಗಲಿಲ್ಲ. ಮಾಗಿಯಲ್ಲಿ ಹೊಣಕೆರೆಯ ಅವರೆಕಾಯಿ ಬರಲಿಲ್ಲ. ಪ್ರತಿ ವರ್ಷ ಸಿದ್ದರಾಜು ಒಂದು ಮೂಟೆ ಸೊಗಡಿನ ಕಾಯಿ ಹೊತ್ತು ತಂದು ನಡುಮನೆಯಲ್ಲಿ ಸುರಿಯುತ್ತಿದ್ದ, ಅಣ್ಣತಮ್ಮ ಇಬ್ಬರೂ ಕೂತು ಸುಲಿದು, ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಈ ಸಲ ಜಯಲಕ್ಷ್ಮಮ್ಮ ಪಾಂಡವಪುರದ ಸಂತೆಯಲ್ಲಿ ಕೊಂಡು ತಂದು ಹಿತಕವರೆ ಸಾರು ಮಾಡಿದಳು. ಜವರಯ್ಯ ಒಂದು ತುತ್ತು ಬಾಯಿಗಿಟ್ಟು, “ಇದರಲ್ಲಿ ಸೊಗಡೇ ಇಲ್ಲ,” ಎಂದ.

“ಸೊಗಡು ಹೊಣಕೆರೆ ತಾವ ಅದೆ. ಓಗಿ ಇಸ್ಕಂಡ್ ಬನ್ನಿ,” ಎಂದಳು ಅವಳು.

ಜವರಯ್ಯ ತಟ್ಟೆ ತಳ್ಳಿದ. ಹೋಗಬೇಕೆಂದು ಅವನಿಗೂ ಇತ್ತು. ಆದರೆ ಬರಿಗೈಯಲ್ಲಿ ಹೋಗುವ ಹಾಗಿಲ್ಲ, ಹೋರಿ ಹಿಡಿದುಕೊಂಡೇ ಹೋಗಬೇಕು. ಬೀಜ ಹೊಡೆಸಿದರೆ ಹೋರಿ ಹೋಯಿತು, ಹೊಡೆಸದಿದ್ದರೆ ತಮ್ಮ ಹೋದ. ಈ ಸಂಕಟವನ್ನು ಕೂತು ಯೋಚಿಸಿ ಬಿಡಿಸಿದವನು ಜವರಯ್ಯನಲ್ಲ. ರಾಜನೇ ಬಿಡಿಸಿದ.

ಯುಗಾದಿಯ ಆಸುಪಾಸು ಒಂದು ಬೆಳಿಗ್ಗೆ ಜವರಯ್ಯ ರಾಜನ ಮೈ ತೊಳೆಯಲು ನಾಲೆಗೆ ಹೊಡೆದುಕೊಂಡು ಹೋದ. ಆಚೆ ದಡದಲ್ಲಿ ಯಾರದೋ ಬೆದೆಗೆ ಬಂದ ಹಸು ಕೂಗಿತು. ರಾಜ ಕಿವಿ ನಿಗುರಿಸಿದ. ಜವರಯ್ಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, “ಏಯ್, ನಿಂತ್ಕಳ್ಲಾ,” ಎಂದ. ಅವನ ಮಾತನ್ನು ಆ ಊರಿನಲ್ಲಿ ಎಲ್ಲರೂ ಕೇಳುತ್ತಿದ್ದರು, ರಾಜ ಕೇಳಲಿಲ್ಲ. ನಾಲೆ ಏರಿಯ ಮೇಲೆ ಮುಗ್ಗರಿಸಿ, ಕೆಸರಿನಲ್ಲಿ ಹೊಟ್ಟೆ ಎಳೆದುಕೊಂಡು, ನೀರಿಗೆ ಬಿದ್ದು, ಒಂದು ಮುಳುಗು ಹಾಕಿ ಎದ್ದಾಗ ಹಗ್ಗ ಕೈಯಲ್ಲಿರಲಿಲ್ಲ. ಪಂಚೆಯೂ ಇರಲಿಲ್ಲ. ಪಂಚೆ ನಾಲೆಯ ಜೊತೆ ಶ್ರೀರಂಗಪಟ್ಟಣದ ಕಡೆ ಮುಖ ಮಾಡಿತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮುಖ ಆಚೆ ತಿರುಗಿಸಿದರು, ಪೂರ್ತಿ ತಿರುಗಿಸಲಿಲ್ಲ. ಆಚೆ ದಡದಲ್ಲಿ ರಾಜ ತನ್ನ ಕೆಲಸ ನೋಡಿಕೊಂಡ.

ಜವರಯ್ಯ ಬಾಳೆ ಎಲೆ ಸುತ್ತಿಕೊಂಡು ಊರ ನಡುವೆ ನಡೆದು ಮನೆಗೆ ಬಂದವನೇ ಜಗಲಿ ಮೇಲೆ ನಿಂತು ಅಬ್ಬರಿಸಿದ: “ಕರೀರೇ ಆ ಡಾಕ್ಟ್ರಮ್ಮನ್ನ! ಇವತ್ತೇ ಒಡುಸ್ಬುಡ್ತೀನಿ ಇದ್ರದ್ದು!”

ಜಯಲಕ್ಷ್ಮಮ್ಮ ಫೋನು ತೆಗೆದುಕೊಂಡಳು. “ಮೇಡಂ, ಬೀಜ ಒಡಿಯೋ ಇಕ್ಕಳ ತಗಂಡ್ ಬನ್ನಿ. ಓರಿ ಒಂದೇ ಇರಾದು. ಆದ್ರೂ ಇಬ್ಬರ್ಗೆ ಆಗೋವಷ್ಟು ಟೈಮ್ ಇಟ್ಕಂಡು ಬನ್ನಿ. ಸಿಟ್ಟು ಇಬ್ಬರ್ಗೂ ಒಂದೇ ಕಡೆಯಿಂದ ಬರ್‌ತಾ ಇರಂಗದೆ.”

ಕೀರ್ತನ ಮಧ್ಯಾಹ್ನ ಬಂದಳು. ರಾಜನನ್ನು ಕೆಡವಿ ಕಾಲು ಕಟ್ಟಲು ಅರ್ಧ ಊರು ಬೇಕಾಯಿತು. ಇನ್ನರ್ಧ ನೋಡಲು ಬಂತು. “ದೊಡ್ಡವನಾಗಿದ್ದಾನೆ ಯಜಮಾನ್ರೇ, ಆಮೇಲೆ ವಾಪಸ್ ಕೊಡಕ್ಕಾಗಲ್ಲ,” ಎಂದು ಅವಳು ಇನ್ನೊಮ್ಮೆ ಕೇಳಿದಳು. “ಮಾಡಿ ಅಂದ್ನಲ್ಲಾ!” ಎಂದ ಜವರಯ್ಯ. ಅವಳು ಸೂಜಿ ಚುಚ್ಚಿ ಆ ಜಾಗವನ್ನು ಮರಗಟ್ಟಿಸಿದಳು. ಇಕ್ಕಳ ಕಟಕ್ಕೆಂದಾಗ ನಿಂತಿದ್ದ ಗಂಡಸರೆಲ್ಲ ಒಟ್ಟಿಗೆ ತೊಡೆ ಕೂಡಿಸಿದರು. ಕೆಲವರು ಕೆಲಸವಿದೆ ಎಂದು ಹೊರಟರು. ಜವರಯ್ಯ ಮಾತ್ರ ರಾಜನ ತಲೆ ಹಿಡಿದುಕೊಂಡು ಕೂತಿದ್ದ. ಸಿಟ್ಟು ಅಷ್ಟರಲ್ಲಾಗಲೇ ಇಳಿದಿತ್ತು. ಅವನ ಸಿಟ್ಟು ಉಕ್ಕುವ ಹಾಲಿನ ಹಾಗೆ. ಬೇಗ ಇಳಿಯುತ್ತಿತ್ತು, ಆದರೆ ಚೆಲ್ಲಿದ್ದು ಪಾತ್ರೆಗೆ ಬರುತ್ತಿರಲಿಲ್ಲ.

“ನೋಡ್ತಿರೇ,” ಎಂದ ರಾತ್ರಿ ಊಟಕ್ಕೆ ಕೂತು. “ಇದು ಬೆಳ್ಳಗಾಗಾಕಿಲ್ಲ. ಆ ಕಳ್ಳನ ಅರಳೀಕಟ್ಟೆ ಮುಂದೆ ನಿಲ್ಲಿಸ್ದಿದ್ರೆ ನಾನು ದ್ಯಾವಯ್ಯನ ಮಗನೇ ಅಲ್ಲ.”

ಮಳೆಗಾಲ ಬಂತು. ಹಳೆ ಕೂದಲು ಉದುರಿ ಹೊಸದು ಬರತೊಡಗಿತು. ಮೊದಲು ಜವರಯ್ಯನಿಗೆ ರಾಜನ ಕತ್ತಿನ ಮೇಲೆ ಧೂಳು ಕೂತ ಹಾಗೆ ಕಂಡಿತು. ತೊಳೆದ. ಮಾರನೆಯ ವಾರ ಬೂದಿ ಹಾರಿ ಬಿದ್ದಿದೆ ಎಂದುಕೊಂಡ. ತೆಂಗಿನ ನಾರು ಹಾಕಿ ಉಜ್ಜಿ ಉಜ್ಜಿ ತೊಳೆದ.

“ತೊಳೀರಿ, ಇನ್ನೂ ತೊಳೀರಿ,” ಎಂದಳು ಜಯಲಕ್ಷ್ಮಮ್ಮ ಬಾಗಿಲಲ್ಲಿ ನಿಂತು. “ಬೆಳ್ಳಗಾಗ್ತಾ ಅದೆ.”

ಗೌರಿ ಹಬ್ಬದ ಹೊತ್ತಿಗೆ ರಾಜನ ಮುಖ ತಿಳಿಯಾಗಿತ್ತು. ದೀಪಾವಳಿಗೆ ಹಿಣಿಲಿನ ಮೋಡ ಕರಗಿತು. ಸ್ವಭಾವವೂ ಬದಲಾಗಿತ್ತು. ನಾಯಿಗಳು ಮೊದಲು ದೂರದಿಂದ ಬೊಗಳಿ ನೋಡಿದವು, ಆಮೇಲೆ ಹತ್ತಿರದಿಂದ, ಕೊನೆಗೆ ಬಾಲದ ಬುಡದಲ್ಲೇ ಮಲಗತೊಡಗಿದವು. ಹಸು ಹಿಡಿದುಕೊಂಡು ಬರುವವರು ನಿಂತುಹೋದರು. ಜವರಯ್ಯ ಒಂದೊಂದು ದಿನ ಕೊಟ್ಟಿಗೆಯಲ್ಲಿ ಒಬ್ಬನೇ ನಿಂತು ರಾಜನ ಮುಖ ನೋಡುತ್ತಿದ್ದ. ಹೊಣಕೆರೆಯ ಕೊಟ್ಟಿಗೆಯಲ್ಲಿ ಕಂಡ ಅದೇ ಮುಖ. ಅದೇ ಕಣ್ಣು. ಕಪ್ಪು ತೆಗೆದರೆ ಒಳಗಿದ್ದದ್ದು ಸುಳಿಗನೇ. ಅವನಿಗೆ ಗೊತ್ತಾಗಿತ್ತು. ಗೊತ್ತಾಗುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ನಡುವೆ ಹೊಣಕೆರೆಯಷ್ಟು ದೂರವಿತ್ತು, ಬಸ್ಸು ಇರಲಿಲ್ಲ.

ಮುಖ ತಿಳಿಯಾದ ದಿನದಿಂದ ರಾಜನನ್ನು ಬೀದಿಗೆ ಇಳಿಸಿರಲಿಲ್ಲ, ಊರಿಗೆ ಗೊತ್ತಾಗದಿದ್ದರೆ ಸಾಕು ಎಂದುಕೊಂಡ. ಪಾಂಡವಪುರದ ಅಂಗಡಿಯವರೆಲ್ಲ ಪರಿಚಯದವರಾದ್ದರಿಂದ ಶ್ರೀರಂಗಪಟ್ಟಣದವರೆಗೆ ಹೋಗಿ, ಕೂದಲಿಗೆ ಹಚ್ಚುವ ಕಪ್ಪು ಬಣ್ಣ ಕೇಳಿದ.

“ಎಷ್ಟು ಕೊಡ್ಲಿ?” ಎಂದ ಅಂಗಡಿಯವನು, ಬೋಳುತಲೆಯನ್ನೂ ಬಿಳಿ ಮೀಸೆಯನ್ನೂ ನೋಡಿ.

“ಒಂದ್ ಡಬ್ಬ.”

“ಡಬ್ಬ ಅಂದ್ರೆ ಮದುವೆ ಮನೆಗೆಲ್ಲ ಆಗುತ್ತೆ, ಸಾರ್.”

“ನಮ್ದು ದೊಡ್ಡ ಸಂಸಾರ. ಕೊಡಪ್ಪ ಸುಮ್ಕೆ.”

ಕೊಟ್ಟಿಗೆ ಬಾಗಿಲು ಹಾಕಿಕೊಂಡು, ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಹೊಡೆಯುವ ಬ್ರಷ್ಷಿನಿಂದ ರಾಜನ ಮುಖ, ಕತ್ತು, ಹಿಣಿಲಿಗೆ ಹಚ್ಚಿದ. ಮೂರು ವರ್ಷ ಮೊಟ್ಟೆ ಹಾಕಿ ಸಾಕಿದ ಕಪ್ಪು ಒಂದು ಮಧ್ಯಾಹ್ನದಲ್ಲಿ ವಾಪಸು ಬಂತು. ರಾಜ ತಲೆ ತಗ್ಗಿಸಿ ಹಚ್ಚಿಸಿಕೊಂಡ. ಹಿಂದಿನ ರಾಜನಾಗಿದ್ದರೆ ಬ್ರಷ್ಷಿನ ಜೊತೆ ಕೈಯನ್ನೂ ತಿನ್ನುತ್ತಿದ್ದ.

ಮಾರನೆಯ ದಿನ ಜವರಯ್ಯ ರಾಜನನ್ನು ಬೇಕೆಂದೇ ಟೀ ಅಂಗಡಿಯ ಮುಂದೆ ನಡೆಸಿಕೊಂಡು ಹೋದ. ಬೆಂಚಿನ ಮೇಲೆ ಹೊನ್ನಪ್ಪ, ಚಿಕ್ಕಸ್ವಾಮಿ, ಇನ್ನೂ ಒಂದಷ್ಟು ಜನ ಕೂತಿದ್ದರು.

“ನೋಡ್ರಪ್ಪಾ ಕಣ್ಣಿದ್ದೋರು. ಎಲ್ಲಾದ್ರೂ ಬೆಳ್ಳಗದಾ? ನನ್ ತಮ್ಮ ಕಳ್ಳ ಅಂದ್ನಲ್ಲ, ಇವನೇ ಸಾಕ್ಷಿ,” ಎಂದ.

ಹೊನ್ನಪ್ಪನಿಗೆ ತಾನು ಹೇಳಿದ ಮಾತು ನಿಜವಾಯಿತೆಂದು ಖುಷಿ. ಎದ್ದು ಬಂದು ರಾಜನ ಕತ್ತು ಸವರಿದ. ದಳ್ಳಾಳಿಯ ಅಭ್ಯಾಸ, ಕೂದಲಿಗೆ ಎದುರಾಗಿ ಒತ್ತಿ ಸವರಿದ. ಆಮೇಲೆ ಅಂಗೈ ನೋಡಿಕೊಂಡ. ಕಪ್ಪು. ಇನ್ನೊಂದು ಕೈಯಿಂದ ಸವರಿದ. ಅದೂ ಕಪ್ಪು. ಎರಡು ಕೈಯನ್ನೂ ಮೇಲಕ್ಕೆತ್ತಿ ಬೆಂಚಿನವರಿಗೆ ತೋರಿಸಿದ. ಟೀ ಅಂಗಡಿಯವನು ಸೋಸುವುದನ್ನು ನಿಲ್ಲಿಸಿದ.

“ಜವರಣ್ಣ,” ಎಂದ ನೀರುಗಂಟಿ ಚಿಕ್ಕಸ್ವಾಮಿ ಬಹಳ ಮೆತ್ತಗೆ, “ತೂಬು ಸೋರ್‌ತಾ ಅದಲ್ಲ.”

ಬೆಂಚು ಮಗುಚಿಕೊಳ್ಳುವಷ್ಟು ನಗು ಎದ್ದಿತು. ಜವರಯ್ಯ ಬಯ್ಯಲು ಬಾಯಿ ತೆರೆದ. ಯಾರನ್ನು ಬಯ್ಯುವುದು? ಎಲ್ಲರ ಎದುರು ತಮ್ಮನನ್ನು ಕಳ್ಳ ಎಂದವನು ತಾನು. ಈಗ ಎಲ್ಲರ ಎದುರು ಕಳ್ಳತನದಲ್ಲಿ ಸಿಕ್ಕಿಬಿದ್ದವನೂ ತಾನೇ. ಹಗ್ಗ ಹಿಡಿದು ಮನೆಗೆ ಬಂದ. ರಾಜನನ್ನು ನಾಲೆಗಿಳಿಸಿ, ಬಣ್ಣ ಪೂರ್ತಿ ಹೋಗುವವರೆಗೆ ಉಜ್ಜಿದ. ನೀರು ಕಪ್ಪಗೆ ಹರಿದು ಬೆಳ್ಳಗಾಯಿತು, ಎತ್ತೂ ಬೆಳ್ಳಗಾಯಿತು. ಅವನು ಮೊದಲ ಸಲ ಅದನ್ನು ಮನಸ್ಸಿನಲ್ಲಿ ಹೋರಿ ಎನ್ನಲಿಲ್ಲ, ಎತ್ತು ಎಂದ.

ಮನೆಗೆ ಬಂದು, “ಗೂಡ್ಸ್ ಆಟೋಗೆ ಯೋಳು,” ಎಂದ ಹೆಂಡತಿಗೆ.

ಅವಳು ಎಲ್ಲಿಗೆ ಎಂದು ಕೇಳಲಿಲ್ಲ. ಖಾಲಿ ಮೂಟೆಚೀಲ ಒಂದನ್ನು ಮಡಚಿ ಅವನ ಕೈಗಿಟ್ಟಳು. “ಮಾಗಿ ಬಂತು. ಅವರೆಕಾಯಿಗೆ.”

ಹೊಣಕೆರೆ ಹತ್ತಿರದ ಆ ಊರು ತಲುಪಿದಾಗ ಸೂರ್ಯ ನೆತ್ತಿಯಿಂದ ಜಾರಿದ್ದ. ಸಿದ್ದರಾಜು ಕಣದಲ್ಲಿ ಸುಳಿಗನನ್ನು ಒಂಟೆತ್ತಿನ ಗಾಡಿಗೆ ಹೂಡುತ್ತಿದ್ದವನು ನೊಗ ಕೆಳಗಿಟ್ಟು ನಿಂತ. ಮಾವ ಜಗಲಿಯ ಮೇಲೆ ಅದೇ ಜಾಗದಲ್ಲಿದ್ದ. ಪಕ್ಕದ ಮನೆಯವರು ಗೋಡೆಯ ಮೇಲೆ ಕತ್ತು ಇಟ್ಟರು. ಕಳೆದ ಸಲ ಚೆನ್ನಾಗಿತ್ತು, ಈ ಸಲ ಇನ್ನೂ ಚೆನ್ನಾಗಿರುತ್ತದೆ ಎಂಬ ಆಸೆ ಅವರ ಮುಖದಲ್ಲಿತ್ತು.

ಜವರಯ್ಯ ಆಟೋದಿಂದ ರಾಜನನ್ನು ಇಳಿಸಿದ. ಯಾರ ಮುಖವನ್ನೂ ನೋಡದೆ ಅಂಗಳ ದಾಟಿದ. ಸುಳಿಗನ ಗೂಟ ಹುಡುಕಿ ಹಗ್ಗವನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದ. ಗಂಟು ಸರಿಯಾಗಿಯೇ ಬಿದ್ದಿತ್ತು. ಬಿಚ್ಚಿ ಇನ್ನೊಮ್ಮೆ ಹಾಕಿದ. ತಿರುಗಿ ನಿಲ್ಲಲು ಅಷ್ಟು ಹೊತ್ತು ಬೇಕಿತ್ತು.

ಸುಳಿಗ ಬಂದು ರಾಜನನ್ನು ಮೂಸಿತು. ಮೂಸಿ, ಕಿವಿಯ ಹಿಂದೆ ನೆಕ್ಕತೊಡಗಿತು. ಒಂದೇ ಬಿಳಿ, ಒಂದೇ ಮುಖ, ಕೊಂಬು ಕೂಡ ಒಂದೇ ಮರೆವಿನಲ್ಲಿ ಮುಂದಕ್ಕೆ ತಿರುಗಿದ್ದವು. ಆದರೆ ಮೊಟ್ಟೆ ತಿಂದು ಬೆಳೆದ ರಾಜನ ಹಿಣಿಲು ಇನ್ನೂ ಗುಡ್ಡದ ಹಾಗೆ ನಿಂತಿತ್ತು, ಕತ್ತು ಎರಡರಷ್ಟಿತ್ತು. ನೀರು ನಿಂತರೂ ಬೆಳೆದ ಭತ್ತ ಗದ್ದೆಯಲ್ಲೇ ಇತ್ತು.

ಸಿದ್ದರಾಜು ಎರಡನ್ನೂ ಒಂದು ಸುತ್ತು ಹಾಕಿ ನೋಡಿದ.

“ಏಮಗಿರಿಗೆ ಜೋಡಿ ಆಗಾಕಿಲ್ಲ ಕಣಣ್ಣ. ನೊಗ ಒಂದ್ ಕಡೆ ಎತ್ತಿ ಕುಂತ್ಕತದೆ. ಜನ ನಗ್ತಾರೆ.”

“ನಗ್ಲಿ ಬುಡು,” ಎಂದ ಜವರಯ್ಯ. “ನಂಗೆ ಅಭ್ಯಾಸ ಆಗೋಗದೆ. ನಿನ್ನ ಒಲ ಉಳಾಕೆ ಆಯ್ತದಾ?”

“ಒಲಕ್ಕೇನು, ಚೆಂದಾಗಾಯ್ತದೆ.”

“ಮಡಿಕ್ಕ. ಎರಡೂ ನಿನ್ನವೇ.”

ಮಾವ ಜಗಲಿಯ ಮೇಲೆ ಕೆಮ್ಮಿದ. ಜವರಯ್ಯ ಅವನ ಕಡೆ ತಿರುಗಿ, “ಮಾವಯ್ಯ,” ಎಂದ. ಹೆಗಲ ಟವೆಲ್ಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಕೆಟ್ಟ ಮಾತಾಗಿದ್ದರೆ ಇಷ್ಟು ಹೊತ್ತಿಗೆ ಊರೆಲ್ಲ ಕೇಳಿರುತ್ತಿತ್ತು. ಕೊನೆಗೆ, “ಓದ್ ಸಲ ಕಾಫಿ ಕುಡೀದೆ ಓದೆ,” ಎಂದ.

ಸಿದ್ದರಾಜುವಿನ ಹೆಂಡತಿ ಒಳಗೆ ಒಲೆ ಹಚ್ಚಿದಳು. ಅಣ್ಣತಮ್ಮ ಕಣದ ಕಲ್ಲಿನ ಮೇಲೆ ಕೂತರು. ಸಿದ್ದರಾಜು ಎಲೆಅಡಿಕೆಯ ಚೀಲ ಬಿಚ್ಚಿ ಅಣ್ಣನ ಮುಂದೆ ಹಿಡಿದ. ಹಿಡಿದವನು ಅಣ್ಣನ ಮುಖವನ್ನೇ ದಿಟ್ಟಿಸಿದ. ಕಳೆದ ಸಲ ಬಂದಾಗ ಬೆಳ್ಳಗಿದ್ದ ಮೀಸೆ ಈಗ ಕಾಡಿಗೆಯಂತೆ ಹೊಳೆಯುತ್ತಿತ್ತು.

“ಅಣ್ಣಾ, ಮೀಸೆಗೆ ಬಣ್ಣ ಆಕಿದ್ದೀಯಾ?”

ಜವರಯ್ಯ ಒಂದು ಎಲೆ ತೆಗೆದು, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿದ. ಸುಳಿಗ ಇನ್ನೂ ರಾಜನ ಕಿವಿ ನೆಕ್ಕುತ್ತಲೇ ಇತ್ತು.

“ಓರಿಗೆ ಅಂತ ತಂದಿದ್ದು ಮಿಕ್ಕಿತ್ತು ಕಣ್ಲಾ.”